ಬಂದರಿನ ದಿನಗಳೂ ಆಟದ ಭಾಗವೇ

ನಮಸ್ಕಾರ. ಸಬ್‌ಮರೀನ್ ಗೇಮ್ ಆಡುವವರ ಹತ್ತಿರ ಇವತ್ತು ಒಂದೇ ವಿಷಯ ಮಾತಾಡಬೇಕು. ಗಸ್ತು ಮುಗಿಸಿ ಬಂದರಿಗೆ ವಾಪಸ್ ಬರುತ್ತೀರಿ. ಮುಳುಗಿಸಿದ ಹಡಗುಗಳ ಲೆಕ್ಕ ತೆರೆಯ ಮೇಲೆ ಬರುತ್ತದೆ, ಪದಕ ಕೊಡುತ್ತಾರೆ, ಒಂದು ಬಟನ್ ಒತ್ತುತ್ತೀರಿ. ತಾರೀಖು ಸುಮ್ನೆ ಮುಂದಕ್ಕೆ ಹೋಗುತ್ತದೆ. ಬೋಟ್ ಹೊಸದಾಗಿದೆ, ಟಾರ್ಪಿಡೊ ತುಂಬಿವೆ, ಒಳಗೆ ಅದೇ ಜನ. ಸಮುದ್ರದಲ್ಲಿ ಬ್ಯಾಟರಿ ಚಾರ್ಜಿನಿಂದ ಹಿಡಿದು ಟಾರ್ಪಿಡೊ ಕೋನದವರೆಗೆ ಅಷ್ಟು ಶ್ರದ್ಧೆಯಿಂದ ಲೆಕ್ಕ ಇಡುವ ಆಟ, ದಡ ಮುಟ್ಟಿದ ತಕ್ಷಣ ಲೆಕ್ಕ ಬಿಟ್ಟುಬಿಡುತ್ತದೆ. ಇದು ನನಗೆ ನಿಜಕ್ಕೂ ಬೇಸರ ತರುತ್ತದೆ.

ಎರಡನೇ ಮಹಾಯುದ್ಧದಲ್ಲಿ ಏನಾಗುತ್ತಿತ್ತು ನೋಡಿ. ಜರ್ಮನಿಯ ಕ್ಯಾಪ್ಟನ್ ಒಟ್ಟೊ ಕ್ರೆಚ್ಮರ್ ಅವರ ಯು-99 ಅನ್ನುವ ಯು-ಬೋಟ್ (ಜರ್ಮನ್ ಸಬ್‌ಮರೀನ್) 1940ರ ಜುಲೈ 21ಕ್ಕೆ ಫ್ರಾನ್ಸಿನ ಲೋರಿಯಾಂ ಬಂದರಿಗೆ ಬಂತು. ಜುಲೈ 25ಕ್ಕೆ ಮತ್ತೆ ಹೊರಟಿತು. ನಾಲ್ಕೇ ದಿನ! ಆಗಸ್ಟ್ 5ಕ್ಕೆ ಮತ್ತೆ ಬಂದಾಗ ಮಾತ್ರ ಒಂದು ತಿಂಗಳು ಅಲ್ಲೇ ಇತ್ತು. ಅಕ್ಟೋಬರ್ ಕೊನೆಯಲ್ಲಿ ಸುಮಾರು ಒಂದು ವಾರ. ಡಿಸೆಂಬರ್ 12ಕ್ಕೆ ಬಂದದ್ದು ಮುಂದಿನ ಗಸ್ತಿಗೆ ಹೊರಟದ್ದು 1941ರ ಫೆಬ್ರವರಿ 22ಕ್ಕೆ. ಬೋಟೂ ಒಂದೇ, ಕ್ಯಾಪ್ಟನ್ನೂ ಒಬ್ಬರೇ, ಆದರೂ ನಾಲ್ಕು ದಿನದಿಂದ ಎರಡು ತಿಂಗಳಿಗೂ ಜಾಸ್ತಿ. ಇದನ್ನೆಲ್ಲ ಆಟದಲ್ಲಿ ದಿನಗಳ ಒಂದೇ ಸಂಖ್ಯೆಗೆ ಹೇಗೆ ಇಳಿಸುತ್ತೀರಿ?

2005ರ ಸೈಲೆಂಟ್ ಹಂಟರ್ 3 ಇವತ್ತಿಗೂ ಜನ ಆಡುವ ಯು-ಬೋಟ್ ಆಟ. ಅದಕ್ಕೆ ಅಭಿಮಾನಿಗಳು ಎಸ್‌ಎಚ್3 ಕಮಾಂಡರ್ ಅನ್ನುವ ಪ್ರೋಗ್ರಾಂ ಮಾಡಿಕೊಂಡರು. ಬಂದರಿನಲ್ಲಿ ಕಳೆಯುವ ದಿನಗಳನ್ನು ಬದಲಿಸುವ ಅವಕಾಶವೂ ಅದರಲ್ಲಿತ್ತು. ಕೇಳಿದವರು ಆಡುವವರೇ ಅಲ್ವಾ? ಇದು ನನ್ನೊಬ್ಬನ ಹಟ ಅಲ್ಲ.

ಆದರೆ ದಿನ ಬದಲಿಸಿದರೆ ಮಾತ್ರ ಸಾಲದು. ಆ ದಿನಗಳಲ್ಲಿ ಏನಾದರೂ ಆಗಬೇಕು. ಮುಖ್ಯವಾಗಿ, ಜನ ಬದಲಾಗಬೇಕು. ಯು-ಬೋಟ್ ಬಂದರಿಗೆ ಬಂದರೆ ಸಿಬ್ಬಂದಿಯಲ್ಲಿ ಒಂದಷ್ಟು ಜನ ರೈಲು ಹತ್ತಿ ಜರ್ಮನಿಗೆ ರಜೆಗೆ ಹೋಗುತ್ತಿದ್ದರು, ಉಳಿದವರು ಬೋಟಿನ ಕೆಲಸ ನೋಡುತ್ತಿದ್ದರು. ಚೆನ್ನಾಗಿ ಪಳಗಿದವರನ್ನು ತರಬೇತಿಗೆ, ಹೊಸ ಬೋಟುಗಳಿಗೆ ಕಳಿಸುತ್ತಿದ್ದರು. ಅವರ ಜಾಗಕ್ಕೆ ಸಮುದ್ರವನ್ನೇ ಸರಿಯಾಗಿ ನೋಡದ ಹುಡುಗರು ಬರುತ್ತಿದ್ದರು. ಅಮೆರಿಕದವರ ಪದ್ಧತಿ ಬೇರೆ. ಪರ್ಲ್ ಹಾರ್ಬರಿಗೆ ಬಂದ ಸಬ್‌ಮರೀನನ್ನು ಬದಲಿ ಸಿಬ್ಬಂದಿಯ ಕೈಗೆ ಕೊಟ್ಟು, ದಣಿದವರನ್ನು ಸುಮಾರು ಎರಡು ವಾರ ವಿಶ್ರಾಂತಿಗೆ ಬಿಡುತ್ತಿದ್ದರು. ವೈಕಿಕಿ ತೀರದ ರಾಯಲ್ ಹವಾಯಿಯನ್ ಹೋಟೆಲನ್ನು ನೌಕಾಪಡೆ ಇಂಥವರಿಗೆಂದೇ ಬಾಡಿಗೆಗೆ ಹಿಡಿದಿತ್ತು.

ಅಮೆರಿಕದ ವಾಹೂ ಸಬ್‌ಮರೀನಿನ ವಿಷಯ ಹೇಳಲೇಬೇಕು. 1943ರ ಫೆಬ್ರವರಿ 7ಕ್ಕೆ ಪರ್ಲ್ ಹಾರ್ಬರಿಗೆ ಬಂದು 23ಕ್ಕೇ ಮತ್ತೆ ಹೊರಟ ಬೋಟ್ ಅದು. ಐದನೇ ಗಸ್ತು ಮುಗಿದ ಮೇಲೆ ಕ್ಯಾಲಿಫೋರ್ನಿಯಾದ ಮೇರ್ ಐಲ್ಯಾಂಡ್ ಯಾರ್ಡಿನಲ್ಲಿ ದೊಡ್ಡ ರಿಪೇರಿಗೆ ನಿಂತಿತು. ಆ ಹೊತ್ತಿನಲ್ಲೇ ಕ್ಯಾಪ್ಟನ್ ಮಾರ್ಟನ್ ಅವರ ಬಲಗೈಯಂತಿದ್ದ ರಿಚರ್ಡ್ ಓಕೇನ್ ಅವರನ್ನು, ಅದೇ ಯಾರ್ಡಿನಲ್ಲಿ ತಯಾರಾಗುತ್ತಿದ್ದ ಟ್ಯಾಂಗ್ ಅನ್ನುವ ಹೊಸ ಸಬ್‌ಮರೀನಿಗೆ ಕ್ಯಾಪ್ಟನ್ ಮಾಡಿದರು. ವಾಹೂ ಅವರಿಲ್ಲದೆ ಹೋಯಿತು. ಅಕ್ಟೋಬರ್ 11ಕ್ಕೆ ಜಪಾನಿನ ಉತ್ತರದ ಲಾ ಪೆರೂಸ್ ಜಲಸಂಧಿಯಲ್ಲಿ ಎಲ್ಲರೊಂದಿಗೆ ಮುಳುಗಿತು. ನಾಲ್ಕೇ ದಿನಕ್ಕೆ, ಅಕ್ಟೋಬರ್ 15ಕ್ಕೆ, ಟ್ಯಾಂಗ್ ಸೇವೆಗೆ ಸೇರಿತು. ಒಂದು ವರ್ಗಾವಣೆಯಿಂದ ಒಬ್ಬ ಮನುಷ್ಯ ಉಳಿದರು. ಯಾವ ಆಟದ ಬಂದರಿನಲ್ಲಿ ಇಂಥದ್ದು ನಡೆಯುತ್ತದೆ ಹೇಳಿ.

"ಬಂದರಿನಲ್ಲಿ ಕೂತು ಏನು ಮಾಡೋಣ, ಬೋರು" ಅನ್ನುವವರಿದ್ದಾರೆ. ಇಪ್ಪತ್ತು ದಿನವನ್ನು ಇಪ್ಪತ್ತು ದಿನ ಕೂತೇ ಕಳೆಯಿರಿ ಅಂತ ಯಾರೂ ಹೇಳುತ್ತಿಲ್ಲ. ಎರಡು ನಿಮಿಷದಲ್ಲಿ ದಾಟಿಸಿ, ಪರವಾಗಿಲ್ಲ. ಆದರೆ ಆ ಎರಡು ನಿಮಿಷದಲ್ಲಿ ನಾನು ಒಂದು ನಿರ್ಧಾರ ಮಾಡುವಂತಿರಬೇಕು. ಯುದ್ಧದ ಕ್ಯಾಲೆಂಡರ್ ನನಗಾಗಿ ಕಾಯುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ಅತಿ ಹೆಚ್ಚು ಹಡಗು ಮುಳುಗಿಸಿದ ಯು-ಬೋಟ್ ಅನ್ನುವ ಹೆಸರು ಯು-48ಕ್ಕಿದೆ. ಅದು ಮಾಡಿದ್ದು ಒಟ್ಟು 12 ಗಸ್ತು ಮಾತ್ರ. ಹಾಗಿರುವಾಗ ಪ್ರತಿ ವಾರಕ್ಕೂ ಬೆಲೆ ಇದೆ.

ಹಾಗಾಗಿ ಆಟ ಮಾಡುವವರಲ್ಲಿ ನನ್ನ ಬೇಡಿಕೆ ಇಷ್ಟು. ಡೀಸೆಲ್ ಎಂಜಿನ್ ಪೂರ್ತಿ ಸರಿಯಾಗಲು ಇನ್ನೂ ಹತ್ತು ದಿನ ಬೇಕು ಅಂತ ಯಾರ್ಡಿನವರು ಹೇಳಲಿ. ಮೇಲಿನವರು ನಾಳಿದ್ದೇ ಹೊರಡು ಅನ್ನಲಿ. ನನ್ನ ಒಳ್ಳೆಯ ಟಾರ್ಪಿಡೊ ಆಳು ರಜೆಯಲ್ಲಿರಲಿ, ಅವನನ್ನು ವಾಪಸ್ ಕರೆಸಿದರೆ ಅವನ ಉತ್ಸಾಹ ಇಳಿಯಲಿ. 1940ರಲ್ಲಿ ಬೇಗ ಹೊರಡುವ ಆತುರ ಇರಲಿ, 1943ರಲ್ಲಿ ಲೋರಿಯಾಂ ಮೇಲೆ ಬಾಂಬ್ ಬೀಳುವಾಗ ಕಾಂಕ್ರೀಟ್ ಬಂಕರಿನೊಳಗೆ ಕೆಲಸ ನಡೆಯಲಿ. ಆಮೇಲೆ ಹೊರಡುವುದೋ ಕಾಯುವುದೋ ನಾನೇ ನೋಡಿಕೊಳ್ಳುತ್ತೇನೆ.