ಹೋಲಿನ ತಳ ಎಲ್ಲಿ ಹೋಗಿ ಮುಟ್ಟಿದೆ?

ನಮಸ್ಕಾರ. ಬಂಡೆ ಸಿಡಿಸೋದು ಅಂದ್ರೆ ಎಲ್ಲರಿಗೂ ನೆನಪಾಗೋದು ಸೈರನ್ನು, ಢಂ ಅನ್ನೋ ಸದ್ದು, ಆಮೇಲೆ ಏಳೋ ಧೂಳು. ನಾನು ಇವತ್ತು ಹೇಳೋಕೆ ಹೊರಟಿರೋದು ಅದಕ್ಕೂ ಮುಂಚೆ ಕಂಪ್ಯೂಟರ್ ಮುಂದೆ ಕೂತು ಮಾಡೋ ಒಂದು ಚಿಕ್ಕ ಕೆಲಸದ ಬಗ್ಗೆ. ಬ್ಲಾಸ್ಟ್ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಟಾಲರೆನ್ಸ್ ಅಂತ ಒಂದು ಕಡೆ ನಾಲ್ಕೈದು ನಂಬರ್ ತುಂಬಬೇಕಿರತ್ತೆ, ಬಹಳ ಜನ ಅದನ್ನ ಮುಟ್ಟೋದೇ ಇಲ್ಲ, ಸಾಫ್ಟ್‌ವೇರ್ ಬಂದಾಗ ಹೇಗಿತ್ತೋ ಹಾಗೇ ಬಿಟ್ಟಿರ್ತಾರೆ. ನಾನೂ ಸುಮಾರು ದಿನ ಹಾಗೇ ಬಿಟ್ಟಿದ್ದೆ.

ಏನದು ಟಾಲರೆನ್ಸ್ ಅಂದ್ರೆ, ನಾವು ಪ್ಲಾನ್‌ನಲ್ಲಿ ಇಂತಿಂಥ ಜಾಗದಲ್ಲಿ, ಇಷ್ಟು ಆಳ, ಇಷ್ಟು ಓರೆ ಅಂತ ಮದ್ದು ತುಂಬೋ ಹೋಲ್ ಹಾಕಿ ಕೊಟ್ಟಿರ್ತೀವಿ, ಡ್ರಿಲ್ ಮಷಿನ್ ಕೊರೆದು ಬಂದ ಮೇಲೆ ನಿಜವಾದ ಅಳತೆ ಬರತ್ತೆ, ಎರಡಕ್ಕೂ ವ್ಯತ್ಯಾಸ ಇದ್ದೇ ಇರತ್ತೆ. ಎಷ್ಟು ವ್ಯತ್ಯಾಸ ಇದ್ರೆ ಪರವಾಗಿಲ್ಲ, ಎಷ್ಟಾದ್ರೆ ತೊಂದರೆ ಅಂತ ನಾವೇ ಹೇಳಿಕೊಡಬೇಕು. ಅದನ್ನ ನೋಡ್ಕೊಂಡು ಸಾಫ್ಟ್‌ವೇರ್ ಸರಿ ಇರೋ ಹೋಲಿಗೆ ಹಸಿರು, ತಪ್ಪಿರೋದಕ್ಕೆ ಕೆಂಪು ಬಣ್ಣ ಹಚ್ಚತ್ತೆ.

ಈಗ ಒಂದು ಲೆಕ್ಕ ನೋಡಿ. 10 ಮೀಟರ್ ಎತ್ತರದ ಬೆಂಚು, ಅಂದ್ರೆ ಮೆಟ್ಟಿಲಿನ ಥರ ಕಡಿದಿರೋ ಬಂಡೆಯ ಹಂತ, 115 ಮಿಲಿಮೀಟರ್ ಹೋಲು, ಹೋಲಿನ ಮುಂದೆ ತೆರೆದ ಮುಖದ ಕಡೆಗೆ ಇರೋ ಬಂಡೆಯ ದಪ್ಪ ಅಂದ್ರೆ ಬರ್ಡನ್ 3 ಮೀಟರ್, ಪಕ್ಕದ ಹೋಲಿಗೆ ಸ್ಪೇಸಿಂಗ್ 3.5 ಮೀಟರ್, ಬೆಂಚಿನ ಬುಡಕ್ಕಿಂತ ಕೆಳಗೆ ಕೊರೆಯೋ ಸಬ್‌ಡ್ರಿಲ್ ಸೇರಿ 11 ಮೀಟರ್ ಆಳ. ಕಾಲರ್, ಅಂದ್ರೆ ಹೋಲಿನ ಬಾಯಿ, 20 ಸೆಂಟಿಮೀಟರ್ ಆಚೀಚೆ ಆದ್ರೆ ಓಕೆ, ಕೋನ 2 ಡಿಗ್ರಿ ಆಚೀಚೆ ಆದ್ರೆ ಓಕೆ ಅಂತ ಇಟ್ಟಿದೀರಿ ಅಂದ್ಕೊಳ್ಳಿ. ಕೇಳೋಕೆ ಎರಡೂ ಸಣ್ಣದೇ. ಆದ್ರೆ 2 ಡಿಗ್ರಿ ಅನ್ನೋದು 11 ಮೀಟರ್ ಕೆಳಗೆ ಹೋಗೋ ಹೊತ್ತಿಗೆ ಸುಮಾರು 38 ಸೆಂಟಿಮೀಟರ್ ಆಗಿರತ್ತೆ. ಬಾಯೀದು 20, ಓರೆದು 38, ಎರಡೂ ಒಂದೇ ದಿಕ್ಕಿಗೆ ಹೋದ್ರೆ ತಳ 58 ಸೆಂಟಿಮೀಟರ್ ದೂರ ಹೋಗಿ ಕೂತಿರತ್ತೆ. ಪಕ್ಕದ ಹೋಲೂ ಇದೇ ಥರ ಇದರಿಂದ ದೂರಕ್ಕೆ ವಾಲಿದ್ರೆ ತಳದಲ್ಲಿ ಇವೆರಡರ ಮಧ್ಯೆ 4.6 ಮೀಟರ್ ಮೀರಿದ ಅಂತರ, ಒಂದಕ್ಕೊಂದು ಎದುರುಬದರಾಗಿ ವಾಲಿದ್ರೆ 2.4 ಮೀಟರ್ ಕೂಡ ಇಲ್ಲ. ಸ್ಕ್ರೀನ್ ಮೇಲೆ ಮಾತ್ರ ಎರಡೂ ಹಸಿರು! ದೂರ ಆದ ಕಡೆ ಬಂಡೆ ಒಡೀದೆ ಬುಡದಲ್ಲಿ ಟೋ ಅನ್ನೋ ಗಟ್ಟಿ ಕಲ್ಲು ಉಳಿಯತ್ತೆ, ಮಾರನೇ ದಿನ ಎಕ್ಸ್‌ಕವೇಟರ್ ಬಕೆಟ್ ಅಲ್ಲಿ ಕೆರ್ಕೊಂಡು ಒದ್ದಾಡತ್ತೆ. ಅದೇ ಮುಂದಿನ ಸಾಲಿನ ಹೋಲು ಮುಖದ ಕಡೆಗೆ ವಾಲಿ ಬರ್ಡನ್ ಕಮ್ಮಿ ಆಗಿದ್ರೆ ಕಲ್ಲು ಎಲ್ಲಿಗೆ ಹಾರತ್ತೋ ಹೇಳೋಕಾಗಲ್ಲ. ಅದಕ್ಕೇ ನಾನು ಮುಂದಿನ ಸಾಲಿಗೆ ಬೇರೆ ಟಾಲರೆನ್ಸ್, ಹಿಂದಿನವಕ್ಕೆ ಬೇರೆ ಇಡ್ತೀನಿ, ಮತ್ತೆ ಬಾಯಿ, ಕೋನ ಅಂತ ಬಿಡಿಬಿಡಿಯಾಗಿ ನೋಡೋ ಬದಲು ತಳ ಎಷ್ಟು ಸರಿದಿದೆ ಅನ್ನೋದನ್ನೇ ಮೊದಲು ನೋಡ್ತೀನಿ.

ಆಳದ ವಿಷಯಕ್ಕೆ ಬಂದ್ರೆ ಪ್ಲಸ್ಸಿಗೂ ಮೈನಸ್ಸಿಗೂ ಒಂದೇ ನಂಬರ್ ಹಾಕೋದು ನನಗಂತೂ ಒಪ್ಪಿಗೆ ಇಲ್ಲ. ಹೋಲು ಜಾಸ್ತಿ ಆಳ ಆದ್ರೆ ಕೊರೆದ ಪುಡಿಯನ್ನೇ ವಾಪಸ್ ಸುರಿದು ತುಂಬಿಸಬಹುದು, ಐದು ನಿಮಿಷದ ಕೆಲಸ. ಕಮ್ಮಿ ಆದ್ರೆ ಮಷಿನ್ ವಾಪಸ್ ತರಬೇಕು, ಅಷ್ಟರಲ್ಲಿ ಅದು ಬೇರೆ ಬೆಂಚಿಗೆ ಹೋಗಿರತ್ತೆ, ಪಕ್ಕದ ಹೋಲು ಚಾರ್ಜ್, ಅಂದ್ರೆ ಮದ್ದು ತುಂಬಿ, ಆಗಿಬಿಟ್ಟಿದ್ರೆ ಅದರ ಹತ್ತಿರ ಮತ್ತೆ ಕೊರೆಯೋ ಮಾತೇ ಇಲ್ಲ. ಹಾಗಂತ ಜಾಸ್ತಿ ಆಳವನ್ನ ಕಡೆಗಣಿಸೋಕೂ ಆಗಲ್ಲ, ಆ ಸೈಜಿನ ಹೋಲಿಗೆ ಎಮಲ್ಷನ್ ಅನ್ನೋ ಮದ್ದು ಆದ್ರೆ ಒಂದೊಂದು ಮೀಟರಿಗೂ ಹತ್ತಿರ ಹತ್ತಿರ 12 ಕೆಜಿ ಹೋಗತ್ತೆ, ಪುಡಿ ತುಂಬಿಸದೆ ಹಾಗೇ ಚಾರ್ಜ್ ಮಾಡಿದ್ರೆ ಅದು ಕೆಳಗಿನ ಬೆಂಚಿನ ತಲೆಯನ್ನ ಪುಡಿ ಮಾಡತ್ತೆ.

ಇನ್ನೊಂದು, ಇದನ್ನ ಗಮನಿಸೋರು ಕಮ್ಮಿ. ಬೆಂಚಿನ ಮೇಲ್ಮೈ ಎಲ್ಲೂ ಚಪ್ಪಟೆ ಇರಲ್ಲ. ಡಿಸೈನ್‌ನಲ್ಲಿ ಅಂದ್ಕೊಂಡಿದ್ದಕ್ಕಿಂತ ನೆಲ 40 ಸೆಂಟಿಮೀಟರ್ ತಗ್ಗಾಗಿದ್ದು ಆಪರೇಟರ್ ಹೇಳಿದ ಹಾಗೆ ಸರಿಯಾಗಿ 11 ಮೀಟರೇ ಕೊರೆದ್ರೆ ತಳ 40 ಸೆಂಟಿಮೀಟರ್ ಕೆಳಗೆ ಹೋಗಿರತ್ತೆ, ಸಾಫ್ಟ್‌ವೇರ್ ಉದ್ದ ಸರಿ ಇದೆ ಅಂತ ಹಸಿರು ತೋರಿಸತ್ತೆ. ಅವನು ಜಾಣತನ ಮಾಡಿ 10.6 ಕೊರೆದು ತಳವನ್ನ ಸರಿಯಾದ ಮಟ್ಟಕ್ಕೆ ತಂದ್ರೆ ಅವನಿಗೇ ಕೆಂಪು! ಟಾಲರೆನ್ಸ್ ಇಡೋದಾದ್ರೆ ಉದ್ದಕ್ಕಲ್ಲ, ತಳದ ಮಟ್ಟಕ್ಕೆ ಇಡಬೇಕು.

ನಾನು ಪೇಚಿಗೆ ಸಿಕ್ಕಿದ್ದು ಇದರಲ್ಲಲ್ಲ, ಹೋಲು ಯಾವ ಕಡೆಗೆ ವಾಲಿದೆ ಅನ್ನೋ ದಿಕ್ಕಿನಲ್ಲಿ. ಒಂದ್ಸಲ ಅರವತ್ತು ಚಿಲ್ಲರೆ ಹೋಲು, ಎಲ್ಲಾ ನೆಟ್ಟಗೆ ಕೆಳಕ್ಕೆ ಇಳಿಯೋವು, ಅಳತೆ ಹಾಕಿ ನೋಡ್ತೀನಿ ಅರ್ಧಕ್ಕರ್ಧ ಕೆಂಪು. ದಿಕ್ಕು 170 ಡಿಗ್ರಿ ತಪ್ಪು, 140 ಡಿಗ್ರಿ ತಪ್ಪು ಅಂತ ಬರ್ತಿದೆ. ಡ್ರಿಲ್ ಆಪರೇಟರ್‌ನ ಕರೆದು ಕೂಗಾಡೋಕೆ ಹೊರಟಿದ್ದೆ, ಪುಣ್ಯಕ್ಕೆ ಮೊದಲು ಒಂದು ಹೋಲಿನ ಕೋನ ತೆಗೆದು ನೋಡಿದೆ. 89.6 ಡಿಗ್ರಿ, ಪೂರ್ತಿ ನೆಟ್ಟಗಿದ್ರೆ 90. ಅಂದ್ರೆ ಕೂದಲೆಳೆಯಷ್ಟು ವಾಲಿದೆ, ಆ ವಾಲಿರೋದು ಉತ್ತರಕ್ಕೋ ದಕ್ಷಿಣಕ್ಕೋ ಅನ್ನೋದು ಲೆಕ್ಕಕ್ಕೇ ಬರಲ್ಲ, ನೆಟ್ಟಗೆ ನಿಂತ ಕಂಬ ಯಾವ ದಿಕ್ಕಿಗೆ ಮುಖ ಮಾಡಿದೆ ಅಂತ ಕೇಳಿದ ಹಾಗೆ. ತಳ ಸರಿದಿದ್ದು 8 ಸೆಂಟಿಮೀಟರೂ ಇಲ್ಲ. ನೆಟ್ಟಗಿನ ಹೋಲಿಗೆ ದಿಕ್ಕಿನ ಟಾಲರೆನ್ಸ್ ಆಫ್ ಮಾಡಿಬಿಡಿ, ಓರೆ ಹೋಲಿಗೆ ಮಾತ್ರ ಇಟ್ಕೊಳ್ಳಿ. ಆಪರೇಟರ್‌ಗೆ ಈ ಕಥೆ ಇವತ್ತಿಗೂ ಗೊತ್ತಿಲ್ಲ.

ಹಾಗಾದ್ರೆ ಎಷ್ಟು ಬಿಗಿ ಇಡಬೇಕು ಅಂತ ಕೇಳ್ತಾರೆ. ತೀರಾ ಬಿಗಿ ಮಾಡಿದ್ರೆ ದಿನಾ ಎಲ್ಲಾ ಕೆಂಪೇ, ಒಂದು ವಾರ ಆದ್ಮೇಲೆ ಆ ಬಣ್ಣವನ್ನ ಯಾರೂ ನೋಡಲ್ಲ. ನಾನು ಮಾಡೋದು ಇಷ್ಟು, ನಂಬರ್ ಹಾಕೋಕೆ ಮುಂಚೆ ಈ ಹೋಲು ಕೆಂಪು ಬಂದ್ರೆ ಏನು ಮಾಡ್ತೀವಿ ಅಂತ ಬ್ಲಾಸ್ಟರ್ ಜೊತೆ ಕೂತು ಕೇಳ್ಕೋತೀನಿ. ಮತ್ತೆ ಕೊರೀತೀವಾ, ತುಂಬಿಸ್ತೀವಾ, ಮದ್ದು ಕಮ್ಮಿ ಮಾಡ್ತೀವಾ? ಏನೂ ಮಾಡಲ್ಲ ಅಂದ್ರೆ ಆ ನಂಬರ್ ಸಡಿಲ ಮಾಡೋದೇ ಸರಿ.

ಕೊನೇದಾಗಿ ಹುಡುಕೋ ದೂರ. ಕೊರೆದ ಹೋಲನ್ನ ಪ್ಲಾನಿನ ಹೋಲಿಗೆ ಜೋಡಿಸೋಕೆ ಸಾಫ್ಟ್‌ವೇರ್ ಸುತ್ತ ಎಷ್ಟು ದೂರದ ತನಕ ಹುಡುಕಬೇಕು ಅನ್ನೋದು. ಇದು ಬರ್ಡನ್, ಸ್ಪೇಸಿಂಗ್ ಎರಡರಲ್ಲಿ ಕಮ್ಮಿ ಇರೋದರ ಅರ್ಧಕ್ಕಿಂತ ಚಿಕ್ಕದಿರಲಿ, ನಮ್ಮ ಲೆಕ್ಕದಲ್ಲಿ 1.5 ಮೀಟರಿಗಿಂತ ಒಳಗೆ. ದೊಡ್ಡದಿಟ್ರೆ 14ನೇ ಹೋಲನ್ನ ಕೊರೆಯೋದೇ ಮರೆತಿದ್ರೂ ಪಕ್ಕದ ಹೋಲನ್ನ ತಂದು ಅದರ ಜಾಗಕ್ಕೆ ಜೋಡಿಸಿಬಿಡಬಹುದು, ಅಲ್ಲಿಂದ ಮುಂದೆ ಇಡೀ ಸಾಲು ಒಂದೊಂದು ಹೋಲು ಜರುಗಿ ಕೂರತ್ತೆ, ಆ ಪಟ್ಟಿ ಹಿಡ್ಕೊಂಡೇ ಚಾರ್ಜಿಂಗ್‌ನೋರು ಬೆಂಚಿಗೆ ಹೋಗೋದು. ನಮಸ್ಕಾರ.