ಪಿಲ್ಸೆನ್‌ನ ಹದಿನೆಂಟನೇ ಬೀದಿ

ನಮಸ್ಕಾರ. ನೀವೀಗ ನೋಡುತ್ತಿರುವುದು ಶಿಕಾಗೋ ನಗರದ ಪಿಲ್ಸೆನ್ ಬಡಾವಣೆಯ ಮುಖ್ಯ ರಸ್ತೆಯಾದ ಹದಿನೆಂಟನೇ ಬೀದಿಯನ್ನು. ಪಿಂಕ್ ಲೈನ್ ರೈಲಿನಿಂದ ಇಳಿದ ಕೂಡಲೇ, ನಿಲ್ದಾಣದ ಮೆಟ್ಟಿಲುಗಳಿಂದಲೇ ಮೆಕ್ಸಿಕೋದ ಬಣ್ಣಗಳು ಆರಂಭವಾಗುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ನೆಲೆಸಿದ ಚೆಕ್ ಕಾರ್ಮಿಕರು ತಮ್ಮ ನಾಡಿನ ಊರಿನ ಹೆಸರನ್ನೇ ಈ ಬಡಾವಣೆಗೆ ಇಟ್ಟರು. 1960ರ ದಶಕದ ಆರಂಭದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಹೊಸ ಆವರಣಕ್ಕಾಗಿ ಸಮೀಪದ ವಸತಿ ಪ್ರದೇಶವೊಂದನ್ನು ನೆಲಸಮ ಮಾಡಿದಾಗ, ಮನೆ ಕಳೆದುಕೊಂಡ ಮೆಕ್ಸಿಕನ್ ಕುಟುಂಬಗಳಲ್ಲಿ ಹಲವು ಇಲ್ಲಿಗೆ ಬಂದು ಸೇರಿದವು. ಒಮ್ಮೆ ಎಬ್ಬಿಸಲ್ಪಟ್ಟವರು ಕಟ್ಟಿಕೊಂಡ ಬದುಕು ಇದು ಎಂಬುದನ್ನು ದಯವಿಟ್ಟು ನೆನಪಿನಲ್ಲಿಡಿ.

ಬೆಳಗಿನ ಪಾಳಿಗೆ ಹೊರಟವರು ಬೀದಿಯ ಮೂಲೆಯಲ್ಲಿ ನಿಂತು ಕೊಳ್ಳುತ್ತಿರುವ ತಿಂಡಿಯ ಹೆಸರು ತಮಾಲೆ. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿಟ್ಟು, ತೊಳೆದು ರುಬ್ಬಿದ ಹಿಟ್ಟಿಗೆ ಕೊಬ್ಬು ಬೆರೆಸಿ ನಾದುತ್ತಾರೆ. ಅದನ್ನು ಜೋಳದ ತೆನೆಯ ಒಣ ಸಿಪ್ಪೆಯ ಮೇಲೆ ಹರಡಿ, ನಡುವೆ ಮಾಂಸವನ್ನೋ ಮೆಣಸಿನಕಾಯಿಯನ್ನೋ ಇಟ್ಟು, ಮಡಿಸಿ, ಹಬೆಯಲ್ಲಿ ಬೇಯಿಸುತ್ತಾರೆ. ಹಲಸಿನೆಲೆಯ ಕೊಟ್ಟೆ ಕಡುಬು ತಿಂದು ಬೆಳೆದವರಿಗೆ ಆ ಸಿಪ್ಪೆ ಬಿಚ್ಚುವಾಗ ಏಳುವ ಹಬೆ ತೀರಾ ಪರಿಚಿತ. ವಿಷಾದದ ಸಂಗತಿಯೆಂದರೆ, ತಳ್ಳುಗಾಡಿಯಲ್ಲಿ ಸಿದ್ಧ ಆಹಾರ ಮಾರಲು ಶಿಕಾಗೋ ನಗರಸಭೆ ಅನುಮತಿ ನೀಡಿದ್ದು 2015ರಲ್ಲಿ ಮಾತ್ರ. ಅಲ್ಲಿಯವರೆಗೆ ಈ ವ್ಯಾಪಾರಿಗಳು ದಂಡದ ಭಯದಲ್ಲೇ ದುಡಿಯಬೇಕಾಗಿತ್ತು.

ಈ ಬೀದಿಯನ್ನು ಅರಿಯಬೇಕಾದರೆ ಗುಡ್ ಫ್ರೈಡೇ ದಿನ ಬರಬೇಕು. 1976ರ ಕ್ರಿಸ್‌ಮಸ್ ಮುನ್ನಾದಿನ ಇಲ್ಲಿನ ಮನೆಯೊಂದಕ್ಕೆ ಬೆಂಕಿ ಬಿದ್ದು ಮಕ್ಕಳು ಮತ್ತು ತಾಯಂದಿರು ಪ್ರಾಣ ಕಳೆದುಕೊಂಡರು. ನೆರವಿಗೆ ಬಂದ ಅಗ್ನಿಶಾಮಕ ಸಿಬ್ಬಂದಿಗೆ ಸ್ಪ್ಯಾನಿಷ್ ಬರುತ್ತಿರಲಿಲ್ಲ. ಒಳಗೆ ಸಿಲುಕಿದವರ ಬಗ್ಗೆ ಸುತ್ತಲಿದ್ದವರು ಕೂಗಿ ಹೇಳಿದ್ದು ಅವರಿಗೆ ಅರ್ಥವಾಗಲಿಲ್ಲ. ಆ ದುಃಖದಲ್ಲಿ ಒಂದಾದ ಜನ 1977ರಲ್ಲಿ 'ವಿಯಾ ಕ್ರೂಸಿಸ್' ಮೆರವಣಿಗೆಯನ್ನು ಆರಂಭಿಸಿದರು. ಯೇಸುವಿನ ಕೊನೆಯ ನಡಿಗೆಯನ್ನು ಬಡಾವಣೆಯ ನಿವಾಸಿಗಳೇ ಅಭಿನಯಿಸುತ್ತಾ ಸಾಗುತ್ತಾರೆ. ರೋಮನ್ ಸೈನಿಕರ ವೇಷದವರ ಹಿಂದೆ, ಅಜ್ಜಿಯರಿಂದ ಹಿಡಿದು ಕೈಗೂಸುಗಳವರೆಗೆ ಸಾವಿರಾರು ಜನ ಹೆಜ್ಜೆ ಹಾಕುತ್ತಾರೆ. ಭಕ್ತಿಯ ಜೊತೆಗೆ ವಲಸಿಗರ ಸಂಕಟ, ಬಂದೂಕಿಗೆ ಬಲಿಯಾದ ಯುವಕರ ನೆನಪು, ಮನೆ ಬಾಡಿಗೆಯ ಚಿಂತೆ ಎಲ್ಲವೂ ಆ ಪ್ರಾರ್ಥನೆಯೊಳಗೆ ಸೇರುತ್ತವೆ. ಧರ್ಮವನ್ನೂ ನಾಗರಿಕ ಹಕ್ಕನ್ನೂ ಇಷ್ಟು ಸಹಜವಾಗಿ ಒಂದೇ ಬೀದಿಯಲ್ಲಿ ನಡೆಸುವ ಸಮುದಾಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇಲ್ಲಿ ಯಾವುದೂ ಕೇಳದೆ ದೊರೆತದ್ದಲ್ಲ. ತಾಯಂದಿರು ಬೀದಿಗಿಳಿದು ಹೋರಾಡಿದ ಮೇಲೆ 1977ರಲ್ಲಿ ಬೆನಿಟೋ ಹುವಾರೆಸ್ ಪ್ರೌಢಶಾಲೆ ತೆರೆಯಿತು. 1982ರಲ್ಲಿ ಶಾಲಾ ಶಿಕ್ಷಕರ ಗುಂಪೊಂದು ಹುಟ್ಟುಹಾಕಿದ ಸಂಸ್ಥೆಯೇ ಇಂದು ಹ್ಯಾರಿಸನ್ ಪಾರ್ಕ್‌ನಲ್ಲಿರುವ ನ್ಯಾಷನಲ್ ಮ್ಯೂಸಿಯಂ ಆಫ್ ಮೆಕ್ಸಿಕನ್ ಆರ್ಟ್. ಅಲ್ಲಿಗೆ ಪ್ರವೇಶ ಉಚಿತ, ಅಗಲಿದವರನ್ನು ನೆನೆಯುವ ಮೆಕ್ಸಿಕನ್ ಹಬ್ಬವಾದ ಮೃತರ ದಿನದ ವಾರ್ಷಿಕ ಪ್ರದರ್ಶನವನ್ನಂತೂ ತಪ್ಪಿಸಿಕೊಳ್ಳಬಾರದು. ದಶಕಗಳ ಕಾಲ ಹೊಗೆ ಉಗುಳುತ್ತಿದ್ದ ಫಿಸ್ಕ್ ಕಲ್ಲಿದ್ದಲು ವಿದ್ಯುತ್ ಸ್ಥಾವರ 2012ರಲ್ಲಿ ಮುಚ್ಚಿದ್ದರ ಹಿಂದೆಯೂ ನಿವಾಸಿಗಳ ವರ್ಷಗಟ್ಟಲೆಯ ಹೋರಾಟವಿತ್ತು.

ಆದರೆ ಗಾಳಿ ಶುದ್ಧವಾದ, ಭಿತ್ತಿಚಿತ್ರಗಳ ಗೋಡೆಗಳು ಪ್ರಸಿದ್ಧವಾದ ಬಡಾವಣೆಯಲ್ಲಿ ಬಾಡಿಗೆಯೂ ಏರುತ್ತದೆ. 2000ದಿಂದ 2010ರವರೆಗಿನ ಅವಧಿಯಲ್ಲಿ ಇಲ್ಲಿನ ಲ್ಯಾಟಿನೋ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ, ನಿವಾಸಿಗಳ ಸಂಖ್ಯೆ ಸುಮಾರು 10,000ದಷ್ಟು ಕುಸಿಯಿತು. ಕಾಸಾ ಅಸ್ಟ್ಲಾನ್ ಎಂಬ ಸಮುದಾಯ ಭವನದ ಹೊರಗೋಡೆಯ ಮೇಲೆ ಕಲಾವಿದ ರೇ ಪಟ್ಲಾನ್ 1970ರ ದಶಕದಲ್ಲಿ ರಚಿಸಿದ್ದ ಭಿತ್ತಿಚಿತ್ರಕ್ಕೆ, ಕಟ್ಟಡ ಮಾರಾಟವಾದ ನಂತರ, 2017ರಲ್ಲಿ ಬಣ್ಣ ಬಳಿದು ಅಳಿಸಲಾಯಿತು. ಜನ ಪ್ರತಿಭಟಿಸಿದರು, ಕೊನೆಗೆ ಪಟ್ಲಾನ್ ಅವರೇ ಮರಳಿ ಬಂದು ಅದೇ ಗೋಡೆಯ ಮೇಲೆ ಹೊಸ ಚಿತ್ರ ರಚಿಸಿದರು. ಭವನ ಮಾತ್ರ ಸಮುದಾಯಕ್ಕೆ ಹಿಂತಿರುಗಲಿಲ್ಲ, ಬಾಡಿಗೆ ಮನೆಗಳಾಯಿತು.

ಆದ್ದರಿಂದಲೇ ಈ ಪ್ರದೇಶವನ್ನು ಐತಿಹಾಸಿಕ ವಲಯವೆಂದು ಘೋಷಿಸುವ ಪ್ರಸ್ತಾವ ಬಂದಾಗ ಇಲ್ಲಿನ ಅನೇಕ ಮನೆಮಾಲೀಕರು ಸಂತೋಷಪಡಲಿಲ್ಲ. ಕಟ್ಟಡಗಳ ಹಳೆಯ ರೂಪವನ್ನೇ ಉಳಿಸಬೇಕಾಗಿ ಬಂದು, ದುರಸ್ತಿಯ ವೆಚ್ಚ ಹೆಚ್ಚಿ ತಾವೇ ಮನೆ ಮಾರಬೇಕಾದೀತು ಎಂದು ಅವರು ಹೆದರಿದರು. 2020ರ ಡಿಸೆಂಬರ್‌ನಲ್ಲಿ ಆ ಪ್ರಸ್ತಾವ ಬಿದ್ದುಹೋಯಿತು. ಅವರ ಆತಂಕ ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ. ಗೋಡೆಯ ಚಿತ್ರಕ್ಕಿಂತ ಮೊದಲು ಅದರ ಹಿಂದಿನ ಅಡುಗೆಮನೆ ಉಳಿಯಬೇಕು. ಆ ಕೆಲಸವನ್ನು 1990ರಿಂದಲೂ ಮಾಡುತ್ತಿರುವ ಸಂಸ್ಥೆ ರಿಸರೆಕ್ಷನ್ ಪ್ರಾಜೆಕ್ಟ್. ಆರು ಚರ್ಚುಗಳು ತಲಾ 5,000 ಡಾಲರ್ ಹಾಕಿ ಆರಂಭಿಸಿದ ಈ ಸಂಸ್ಥೆ, ದುಡಿಯುವ ಕುಟುಂಬಗಳ ಕೈಗೆಟುಕುವ ಮನೆಗಳನ್ನು ಇದೇ ಬೀದಿಗಳಲ್ಲಿ ಇಂದಿಗೂ ಕಟ್ಟುತ್ತಿದೆ.