ಕಳೆದದ್ದೋ, ಕಳುವಾದದ್ದೋ?

ಕೇಳುಗರೇ, ನಮಸ್ಕಾರ.

ಎರಡು ವರ್ಷದ ಹಿಂದೆ ಸಿಟಿ ಬಸ್ಸಿನ ನೂಕುನುಗ್ಗಲಲ್ಲಿ ನನ್ನ ಮೊಬೈಲ್ ಎಗರಿಸಿದರು. 18,000 ರೂಪಾಯಿಯದು. ಸ್ಟೇಷನ್ನಿಗೆ ಹೋಗಿ ದೂರು ಬರೆದು ಕೊಟ್ಟೆ. ಅಲ್ಲಿನ ರೈಟರ್ ಪೂರ್ತಿ ಓದಿ, 'ಕಳುವಾಗಿದೆ' ಅನ್ನುವ ಪದದ ಕೆಳಗೆ ಪೆನ್ನಿನಿಂದ ಒಂದು ಗೀಟು ಎಳೆದರು. "ಇದನ್ನ 'ಕಳೆದುಹೋಗಿದೆ' ಅಂತ ಬರ್ಕೊಡಿ ಸಾರ್, ಈಗ್ಲೇ ಸೀಲ್ ಹಾಕಿ ಕೊಡ್ತೀನಿ. ಹೊಸ ಸಿಮ್‌ಗೆ ಅಷ್ಟು ಸಾಕು." ಬೈಯಲಿಲ್ಲ, ಗದರಲಿಲ್ಲ, ಕುರ್ಚಿ ಕೊಟ್ಟು ಮರ್ಯಾದೆಯಿಂದಲೇ ಹೇಳಿದರು. ನಾನೂ ಬರೆದುಕೊಟ್ಟೆ. ಆಫೀಸಿಗೆ ತಡವಾಗಿತ್ತು, ಮತ್ತೆ ಒಂದು ಪದ ತಾನೇ?

ಕಳುವು ಅಂದರೆ ಎಫ್‌ಐಆರ್ ಹಾಕಬೇಕು, ತನಿಖೆ ಮಾಡಬೇಕು, ಕಳ್ಳ ಸಿಗದಿದ್ದರೆ ಠಾಣೆಯ ಲೆಕ್ಕದಲ್ಲಿ ಪತ್ತೆಯಾಗದ ಕೇಸು ಒಂದು ಜಾಸ್ತಿಯಾಗುತ್ತದೆ, ಮೇಲಿನವರು ಕೇಳಿದಾಗ ಉತ್ತರ ಕೊಡಬೇಕು. ಕಳೆದುಹೋದರೆ ಯಾರಿಗೂ ತಲೆನೋವಿಲ್ಲ.

2008ರಲ್ಲಿ ಉತ್ತರ ಪ್ರದೇಶದ ಒಬ್ಬ ಅಪ್ಪ, ಮಗಳನ್ನು ಅಪಹರಿಸಿದ್ದಾರೆ ಅಂತ ದೂರು ಹಿಡಿದು ಹೋದರೆ ಠಾಣೆಯವರು ಎಫ್‌ಐಆರ್ ಹಾಕಲಿಲ್ಲ. ಎಸ್ಪಿ ತನಕ ಹೋದ ಮೇಲೆ ಹಾಕಿದರು, ಹಾಕಿ ಸುಮ್ನೆ ಕೂತರು. ಆ ಕೇಸಿನಲ್ಲೇ 2013ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು, ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ ನಡೆದಿದೆ ಅಂತ ದೂರಿನಲ್ಲಿ ಕಂಡರೆ ಎಫ್‌ಐಆರ್ ಹಾಕಲೇಬೇಕು ಅಂದರು. ಎಫ್‌ಐಆರ್‌ನ ಪ್ರತಿ ದೂರು ಕೊಟ್ಟವರಿಗೆ ಪುಕ್ಕಟೆ. ಹಾಕದಿದ್ದರೆ ದೂರನ್ನು ಎಸ್ಪಿಗೆ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಇದ್ದಾರೆ. ಇಷ್ಟೆಲ್ಲ ಗೊತ್ತಿದ್ದೂ ನಾನು ಬರೆದುಕೊಟ್ಟೆ ನೋಡಿ!

ಜನ ನಮ್ಮನ್ನು ನಂಬಲ್ಲ ಅಂತ ಪೊಲೀಸರು ಬೇಜಾರು ಮಾಡಿಕೊಳ್ಳುತ್ತಾರೆ. ಕಾನೂನೂ ನಂಬಲ್ಲ, ಅಲ್ವಾ? ಪೊಲೀಸರ ಮುಂದೆ ಒಪ್ಪಿಕೊಂಡ ತಪ್ಪು ಕೋರ್ಟಿನಲ್ಲಿ ಸಾಕ್ಷಿಯಾಗಲ್ಲ ಅಂತ ಬ್ರಿಟಿಷರು 1872ರ ಸಾಕ್ಷ್ಯ ಕಾಯ್ದೆಯಲ್ಲೇ ಬರೆದಿಟ್ಟರು. 2024ರ ಜುಲೈನಲ್ಲಿ ಆ ಕಾಯ್ದೆಯ ಹೆಸರೇ ಬದಲಾಯಿತು, ಈ ಮಾತು ಮಾತ್ರ ಹಾಗೇ ಉಳಿಯಿತು.

ಇನ್ನು ಠಾಣೆಯ ಪೆನ್ನು ಎಲ್ಲಿ ತನಕ ಹೋಗುತ್ತದೆ ಅಂದರೆ, 2020ರ ಜೂನ್, ತಮಿಳುನಾಡಿನ ತೂತ್ತುಕುಡಿ ಜಿಲ್ಲೆಯ ಸಾತ್ತಾನ್‌ಕುಳಂ. ಲಾಕ್‌ಡೌನ್ ಸಮಯ. ಮೊಬೈಲ್ ಅಂಗಡಿಯ ಅಪ್ಪ, ಮಗನನ್ನು ಅಂಗಡಿ ಬಾಗಿಲು ಹೊತ್ತಿಗೆ ಸರಿಯಾಗಿ ಹಾಕಲಿಲ್ಲ ಅಂತ ಠಾಣೆಗೆ ಕರೆದೊಯ್ದರು. ನಾಲ್ಕೈದು ದಿನದಲ್ಲಿ ಇಬ್ಬರೂ ಸತ್ತರು. ಅವರ ಮೇಲೆ ಪೊಲೀಸರು ಹಾಕಿದ್ದ ಎಫ್‌ಐಆರ್‌ನಲ್ಲಿ ಏನಿತ್ತು ಗೊತ್ತಾ? ಅವರೇ ನೆಲದ ಮೇಲೆ ಹೊರಳಾಡಿ ಗಾಯ ಮಾಡಿಕೊಂಡರು ಅಂತ. ಸಿಸಿಟಿವಿ ಇತ್ತು, ಆದರೆ ದಿನದ ದೃಶ್ಯ ದಿನವೇ ಅಳಿಸಿಹೋಗುವ ಹಾಗೆ ಇಟ್ಟಿದ್ದರು. ವಿಚಾರಣೆಗೆ ಹೋದ ಮ್ಯಾಜಿಸ್ಟ್ರೇಟರಿಗೇ ಠಾಣೆಯವರು ಸಹಕರಿಸಲಿಲ್ಲ. ಕೊನೆಗೆ ಹೈಕೋರ್ಟು ಠಾಣೆಯನ್ನೇ ಕಂದಾಯ ಇಲಾಖೆಯ ಸುಪರ್ದಿಗೆ ಕೊಡಿಸಿತು. ಪೊಲೀಸ್ ಠಾಣೆಗೆ ತಹಶೀಲ್ದಾರರ ಕಾವಲು, ಊಹಿಸಿಕೊಳ್ಳಿ.

ಆ ರಾತ್ರಿ ಡ್ಯೂಟಿಯಲ್ಲಿದ್ದ ಮಹಿಳಾ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಮ್ಯಾಜಿಸ್ಟ್ರೇಟ್ ಮುಂದೆ ಬಾಯಿಬಿಟ್ಟರು. ರಾತ್ರಿಯಿಡೀ ಹೊಡೆದರು, ಮೇಜಿಗೂ ಲಾಠಿಗೂ ರಕ್ತ ಅಂಟಿತ್ತು ಅಂದರು. ಹೇಳಿಕೆ ಕೊಟ್ಟಿದ್ದೇನೋ ಸರಿ, ಕೆಳಗೆ ಸಹಿ ಹಾಕೋದಕ್ಕೆ ಮಾತ್ರ ಕೈ ಬರಲಿಲ್ಲ. ಹೊರಗಿದ್ದವರು ಅವರದೇ ಸಹೋದ್ಯೋಗಿಗಳು. ತುಂಬ ಹೊತ್ತು ಧೈರ್ಯ ಹೇಳಿದ ಮೇಲೆ ಹಾಕಿದರು.